ಪುಟ್ಟತಾಯಿ ಬರೆದ ಷರಾ

ನಾನು ಆ ಊರಿನ ಪ್ರಾಥಮಿಕ ಶಾಲೆಗೆ ಸಹಶಿಕ್ಷಕನಾಗಿ ಬಂದಿಳಿದ ದಿನ ನನ್ನ ಟ್ರಂಕಿನಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಹಿತ್ತಾಳೆ ಚೊಂಬು ಮತ್ತು ತರಬೇತಿ ಕಾಲೇಜಿನವರು ಅತ್ಯುತ್ತಮ ಪಾಠಕ್ಕೆಂದು ಕೊಟ್ಟ ಪದಕ ಇದ್ದವು. ಪದಕವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಟ್ರಂಕು ತೆರೆದವರಿಗೆ ಮೊದಲು ಅದೇ ಕಾಣಲಿ ಎಂಬ ಆಸೆ. ನನ್ನ ಹೊರತು ಬೇರೆ ಯಾರೂ ಆ ಟ್ರಂಕನ್ನು ತೆರೆಯಲೇ ಇಲ್ಲ ಎಂಬುದು ಬೇರೆ ಮಾತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಕ್ಷೆ ಹರಡಿಕೊಂಡು ಹುಡುಕುತ್ತೀರಿ, ಸಿಗುವುದಿಲ್ಲ, ಆಮೇಲೆ ನನ್ನನ್ನು ಬೈಯುತ್ತೀರಿ.

ಆ ಊರಿನಲ್ಲಿ ಯಾರಿಗಾದರೂ ಏನನ್ನಾದರೂ ಹೇಳಿಕೊಟ್ಟರೆ, ಅದು ಅವರಿಗೆ ಬಂದ ಕ್ಷಣಕ್ಕೆ ನಿಮ್ಮಿಂದ ಹೋಗಿಬಿಡುತ್ತದೆ. ಅವರೇ ನೋಡಿ, ತಡಕಾಡಿ, ತಪ್ಪು ಮಾಡಿ ಕಂಡುಕೊಂಡರೆ ಯಾರದೂ ಏನೂ ಹೋಗುವುದಿಲ್ಲ. ಇಷ್ಟೇ ಸಂಗತಿ. ಊರಿನವರು ಇದರ ಬಗ್ಗೆ ಮಾತೇ ಆಡುತ್ತಿರಲಿಲ್ಲ, ಬೇಸಿಗೆಯಲ್ಲಿ ಸೆಕೆ ಯಾಕೆ ಎಂದು ಯಾರೂ ಮಾತಾಡದ ಹಾಗೆ. ಬಸ್ ಸ್ಟ್ಯಾಂಡಿನ ಹೋಟೆಲಿನ ವೆಂಕೋಬಯ್ಯ ಮಗಳ ಮದುವೆಯಾದ ಹೊಸದರಲ್ಲಿ ಅಳಿಯನ ಮೇಲಿನ ಪ್ರೀತಿಗೆ ದೋಸೆ ಹುಯ್ಯುವುದನ್ನು ಹೇಳಿಕೊಟ್ಟುಬಿಟ್ಟಿದ್ದ. ಅಳಿಯ ಆ ವಿದ್ಯೆಯನ್ನು ಕಟ್ಟಿಕೊಂಡು ಪಕ್ಕದ ಊರಿನಲ್ಲಿ ಹೋಟೆಲಿಟ್ಟ. ವೆಂಕೋಬಯ್ಯ ಅಂದಿನಿಂದ ಉಪ್ಪಿಟ್ಟಿನಲ್ಲೇ ಕಾಲ ಹಾಕುತ್ತಿದ್ದ. ದರ್ಜಿ ಹುಷಾರಿ. ಮೆಷಿನ್ನಿನ ಎದುರಿಗೆ ಆಳೆತ್ತರದ ಕನ್ನಡಿ ನಿಲ್ಲಿಸಿಕೊಂಡು, ಕಲಿಯಲು ಬಂದವರಿಗೆ ಬೆನ್ನು ಕೊಟ್ಟು ಹೊಲಿಯುತ್ತಿದ್ದ. ಅವರು ಕನ್ನಡಿಯಲ್ಲಿ ನೋಡಿ ಕಂಡುಕೊಂಡರೆ ಅದು ಕನ್ನಡಿಯ ತಪ್ಪು. ಹಾಗಾಗಿ ಅವನ ಶಿಷ್ಯರು ಹೊಲಿದ ಅಂಗಿಗಳಿಗೆಲ್ಲ ಜೇಬು ಬಲಗಡೆಗಿತ್ತು. ಹೆಂಗಸರು ಹೋಳಿಗೆ ತಟ್ಟುವಾಗ "ಯಾರೂ ಒಳಗೆ ಬರಬೇಡ್ರೇ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಅಡುಗೆಮನೆಯ ಬಾಗಿಲನ್ನು ಮಾತ್ರ ಅಗಲವಾಗಿ ತೆರೆದಿಡುತ್ತಿದ್ದರು.

ಕಲಿತೆ ಎನ್ನುವ ಮಾತೇ ಅಲ್ಲಿ ಇರಲಿಲ್ಲ. "ಸಿಕ್ತು" ಎನ್ನುತ್ತಿದ್ದರು. ಮಕ್ಕಳು ಮನೆಗೆ ಓಡಿಹೋಗಿ "ಅವ್ವಾ, ಇವತ್ತು ನಂಗೆ ಭಾಗಾಕಾರ ಸಿಕ್ತು" ಎಂದರೆ ತಾಯಿ, ಬೀದಿಯಲ್ಲಿ ಬಿದ್ದ ಗೋಲಿ ಸಿಕ್ಕಿತೇನೋ ಎಂಬಂತೆ, "ಜೋಪಾನ, ಕಳ್ಕೋಬೇಡ" ಎನ್ನುತ್ತಿದ್ದಳು.

ಶಾಲೆಯಲ್ಲಿ ಐದು ತರಗತಿ, ಇಪ್ಪತ್ತೆರಡು ಮಕ್ಕಳು, ಒಂದು ಹಜಾರ, ಒಬ್ಬರು ಮುಖ್ಯೋಪಾಧ್ಯಾಯಿನಿ. ರುದ್ರಾಣಮ್ಮ ಎಂದು ಅವರ ಹೆಸರು. ಮೂವತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರ ಉತ್ಸಾಹದಲ್ಲಿ ಅವರು ಹದಿನಾರರವರೆಗಿನ ಮಗ್ಗಿ, ಗಡಿಯಾರ ನೋಡುವುದು ಮತ್ತು ನಾಲ್ಕು ದಿಕ್ಕುಗಳನ್ನು ಮಕ್ಕಳಿಗೆ ಕೊಟ್ಟು ಬರಿಗೈಯಾಗಿದ್ದರು. ಮಗ್ಗಿಯನ್ನು ಹುಣಸೆಬೀಜ ಇಟ್ಟುಕೊಂಡು ಮತ್ತೆ ಹುಡುಕಿಕೊಂಡರಂತೆ, ಗಡಿಯಾರವನ್ನೂ ಕೂಡ. "ದಿಕ್ಕು ಮಾತ್ರ ಹೋದ್ರೆ ಹೋಗ್ಲಿ ಅಂತ ಬಿಟ್ಟೆ ದೇವೀರಪ್ಪನೋರೇ. ಈ ಊರಲ್ಲಿ ನಾನು ಹೋಗೋದಾದ್ರೂ ಎಲ್ಲಿಗೆ?" ಎಂದು ಮೊದಲ ದಿನವೇ ನನಗೆ ಹೇಳಿದರು. ನಾನು ನಕ್ಕೆ. ಮುದುಕಿಯ ತಮಾಷೆ ಎಂದುಕೊಂಡೆ.

ಶಾಲೆಯ ಮುಂದಿನ ಹೊಂಗೆಮರಕ್ಕೆ ಒಂದು ರೈಲು ಕಂಬಿಯ ತುಂಡು ತೂಗುಹಾಕಿತ್ತು, ಪಕ್ಕದಲ್ಲಿ ಒಂದು ಸುತ್ತಿಗೆ. ಏನಾದರೂ ಸಿಕ್ಕಿದ ಮಗು ಎದ್ದುಹೋಗಿ ಒಂದು ಸಲ ಢಣ್ ಎಂದು ಬಡಿದು ಬಂದು ಕೂರುವುದು ಅಲ್ಲಿನ ರೂಢಿ. ಯಾರೂ ಏನು ಸಿಕ್ಕಿತು ಎಂದು ಕೇಳುವಂತಿಲ್ಲ. ಮೊದಲ ದಿನವೇ ಆ ಕಂಬಿ ಹನ್ನೊಂದು ಸಲ ಢಣ್ ಎಂದಿತು. ನನಗೆ ಎರಡನೆಯ ಸಲಕ್ಕೆ ಮೈ ಉರಿಯಿತು, ಐದನೆಯ ಸಲಕ್ಕೆ ನಾನು ಹೇಳುತ್ತಿದ್ದುದೇ ಮರೆತುಹೋಯಿತು. ಮಾರನೆಯ ದಿನ ಸುತ್ತಿಗೆಯನ್ನು ಬಿಚ್ಚಿ ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಮಕ್ಕಳು ಏನಾದರೂ ಸಿಕ್ಕಾಗ ಹೊರಗೆ ಹೋಗಿ ಆ ಕಂಬಿಯನ್ನು ಬೆರಳಿನಲ್ಲಿ ಮುಟ್ಟಿ ಬರತೊಡಗಿದವು.

ಆಮೇಲೆ ನಾನು ಪಾಠ ಶುರು ಮಾಡಿದೆ. ನನ್ನ ಪಾಠ ಎಂದರೆ ಸಾಮಾನ್ಯವಲ್ಲ. ಕೈ ಬೀಸಿ, ಕಣ್ಣು ಅರಳಿಸಿ, ಹಿಂದಿನ ಬೆಂಚಿನವರೆಗೂ ದನಿ ಹರಿಸಿ, ಸೀಮೆಸುಣ್ಣದ ಬಣ್ಣ ಬದಲಾಯಿಸಿ, ಪೀಠಿಕೆಯಿಂದ ಉಪಸಂಹಾರದವರೆಗೆ ನಲವತ್ತು ನಿಮಿಷ. ಕೊನೆಗೆ "ಯಾರಿಗಾದ್ರೂ ಏನಾದ್ರೂ ಗೊತ್ತಾಗದಿದ್ರೆ ಕೇಳಿ, ಹೇಳಿಕೊಡ್ತೀನಿ" ಎಂದೆ. ಇಪ್ಪತ್ತೆರಡು ತಲೆಗಳು ನೆಲ ನೋಡಿದವು. ಒಬ್ಬ ಹುಡುಗನ ಕಿವಿ ಕೆಂಪಾಯಿತು. ದೊಡ್ಡವರನ್ನು "ಹೇಳಿಕೊಡಿ" ಎಂದು ಕೇಳುವುದು ಅಲ್ಲಿ, ಅವರ ಜೇಬಿಗೆ ಕೈ ಹಾಕಿದಷ್ಟೇ ನಾಚಿಕೆಗೇಡು ಎಂದು ನನಗೆ ಆಮೇಲೆ ತಿಳಿಯಿತು.

ಮೂರು ವಾರ ಹೀಗೆ ಗಂಟಲು ಹರಿದುಕೊಂಡೆ. ಒಂದು ದಿನ ಮಧ್ಯಾಹ್ನ ರುದ್ರಾಣಮ್ಮ ಮಜ್ಜಿಗೆ ತಂದುಕೊಟ್ಟು, ಎದುರಿಗೆ ಕೂತು, "ಇಷ್ಟು ದಿನ ಪಾಠ ಹೇಳಿದ್ರಲ್ಲ ಮೇಷ್ಟ್ರೇ, ಏನಾದ್ರೂ ಮರ್ತ್ರಾ?" ಎಂದರು. ನಾನು ಎದೆಯುಬ್ಬಿಸಿ, "ಒಂದಕ್ಷರವೂ ಮರೆತಿಲ್ಲ ಮೇಡಂ" ಎಂದೆ. ಅವರು ಒಂದು ನಿಟ್ಟುಸಿರು ಬಿಟ್ಟರು. "ಹಂಗಾದ್ರೆ ಯಾರಿಗೂ ಏನೂ ಹೋಗಿಲ್ಲ ಬಿಡಿ. ಮಜ್ಜಿಗೆ ಕುಡೀರಿ."

ಮಜ್ಜಿಗೆಯನ್ನು ಹಾಗೇ ಕೆಳಗಿಟ್ಟೆ. ಅವರು ಹೇಳಿದ್ದನ್ನು ನಂಬಿದೆ ಎಂದಲ್ಲ, ಆದರೂ ಅವಮಾನ ಅವಮಾನವೇ. ಹಟಕ್ಕೆ ಬಿದ್ದೆ. ನಾಲ್ಕನೆಯ ತರಗತಿಯ ಬೋರೇಶ ಎಂಬವನನ್ನು ಮುಂದೆ ಕೂರಿಸಿಕೊಂಡು ಏಳರ ಮಗ್ಗಿಯನ್ನು ಒಂದು ವಾರ ತಿಕ್ಕಿದೆ. ಶನಿವಾರ ಅವನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ. ನಾನು ಹೆಮ್ಮೆಯಿಂದ ಹೊರಗೆ ಬಂದೆ. ಅಲ್ಲಿ ರುದ್ರಾಣಮ್ಮ ಕೈಯಲ್ಲಿ ಒಂದು ಲಕೋಟೆ ಹಿಡಿದು ನಿಂತಿದ್ದರು. "ಇವತ್ತಿಗೆ ಮೂರು ವಾರಕ್ಕೆ ಇನ್ಸ್‌ಪೆಕ್ಟರು ಬರ್ತಾರಂತೆ. ಎಷ್ಟು ದಿನ ಆಯ್ತು ನೋಡಿ." ನಾನು ಬಾಯಿ ತೆರೆದೆ. ಮೂರು ವಾರ. ವಾರಕ್ಕೆ ಏಳು. ಮೂರು ಸಲ ಏಳು. ಅಲ್ಲಿ ಏನೋ ಇರಬೇಕಿತ್ತು, ಇರಲಿಲ್ಲ. ನಾಲಿಗೆಯಿಂದ ಹಲ್ಲು ಬಿದ್ದ ಜಾಗವನ್ನು ತಡವಿದ ಹಾಗಾಯಿತು. ಕೊನೆಗೆ ಬೆರಳು ಮಡಚಿ ಎಣಿಸಿದೆ. ರುದ್ರಾಣಮ್ಮ ಬೇರೆ ಕಡೆ ನೋಡುತ್ತ ನಿಂತಿದ್ದರು, ಪಾಪ, ಮರ್ಯಾದೆಸ್ಥರು.

ಲಕೋಟೆಯಲ್ಲಿ ಬಂದದ್ದು ಸುತ್ತೋಲೆ. "ಇನ್ನು ಮುಂದೆ ಮಕ್ಕಳು ತಾವಾಗಿಯೇ ಕಲಿಯುವಂತಾಗತಕ್ಕದ್ದು. ಈ ವಿಷಯವನ್ನು ಶಿಕ್ಷಕರು ಮಕ್ಕಳಿಗೆ ನಲವತ್ತು ನಿಮಿಷ ವಿವರಿಸತಕ್ಕದ್ದು. ಮಕ್ಕಳು ಕೈಕಟ್ಟಿ ಕೇಳತಕ್ಕದ್ದು." ರುದ್ರಾಣಮ್ಮ ಅದನ್ನು ಎರಡು ಸಲ ಓದಿ, "ಇದು ಬರೆದೋರಿಗೆ ಸಿಕ್ಕಿದ್ದಲ್ಲ, ಯಾರೋ ಕೊಟ್ಟಿದ್ದು" ಎಂದು ಮಡಿಸಿಟ್ಟರು. ನನ್ನ ಕಣ್ಣು ಮಾತ್ರ ತಪಾಸಣೆಯ ದಿನ ಬರೆದಿದ್ದ ಕೊನೆಯ ಸಾಲಿನ ಮೇಲಿತ್ತು. ನಾನಿನ್ನೂ ಕಾಯಂ ಆಗಿರಲಿಲ್ಲ. ತಪಾಸಣೆ ಪುಸ್ತಕದಲ್ಲಿ ಸಹಶಿಕ್ಷಕನ ಬಗ್ಗೆ ಇನ್ಸ್‌ಪೆಕ್ಟರು ಬರೆಯುವ ಷರಾ ಚೆನ್ನಾಗಿದ್ದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಟ್ರಂಕು ಕಟ್ಟಬೇಕು. ಎರಡನೆಯ ತರಗತಿ ದಾಟಿದ ಒಂದು ಮಗುವಿಗೆ ಓದು ಬಾರದಿದ್ದರೂ ಷರಾ ಕೆಡುತ್ತದೆ ಎಂದು ಕಾಲೇಜಿನಲ್ಲಿ ಕೇಳಿದ್ದೆ. ಆ ಒಂದು ಮಗು ನಮ್ಮಲ್ಲಿ ಇತ್ತು. ಅದೇ ಪುಟ್ಟತಾಯಿ.

ಪುಟ್ಟತಾಯಿ ಮೂರನೆಯ ತರಗತಿ, ಎಂಟು ವರ್ಷ, ಎರಡು ಜಡೆ, ಯಾವಾಗಲೂ ಹುಬ್ಬು ಗಂಟು. ಅವಳ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಚೂರುಪಾರು ಕಾಗದ, ಬೆಂಕಿಪೊಟ್ಟಣದ ಮೇಲಿನ ಚೀಟಿ, ಸೋಪಿನ ಹೊದಿಕೆ, ಬೆಲ್ಲ ಕಟ್ಟಿಕೊಟ್ಟ ರಟ್ಟು, ಹಳೆಯ ಬಸ್ ಟಿಕೆಟ್ಟು. ಉಳಿದವರು ಓದುತ್ತಿದ್ದರೆ ಇವಳು ಅವನ್ನೆಲ್ಲ ನೆಲದ ಮೇಲೆ ಹರಡಿ, ಇದನ್ನು ಅದರ ಪಕ್ಕ, ಅದನ್ನು ಇದರ ಪಕ್ಕ ಇಟ್ಟು, ತಲೆ ಓರೆ ಮಾಡಿ ನೋಡುವಳು. ನನಗೆ ಅದು ಅಂಗಡಿ ಆಟದ ಹಾಗೆ ಕಾಣುತ್ತಿತ್ತು. "ಇವಳಿಗೆ ಓದು ಯಾವಾಗ ಬರತ್ತೆ ಮೇಡಂ?" ಎಂದು ರುದ್ರಾಣಮ್ಮನವರನ್ನು ಕೇಳಿದೆ. "ಬರ್ತಾ ಇದೆ." "ಎಷ್ಟು ದಿನ ಬೇಕು?" "ನಂಗೇನ್ ಗೊತ್ತು? ಅವಳಿಗೇ ಗೊತ್ತಿಲ್ಲ."

ನನ್ನ ಲೆಕ್ಕ ಹೀಗಿತ್ತು. ಏಳರ ಮಗ್ಗಿ ಚಿಕ್ಕದು, ಆದ್ದರಿಂದ ಒಂದೇ ಸಲಕ್ಕೆ ಹೋಯಿತು. ಓದು ಎಂಬುದು ಸಮುದ್ರದಂಥ ವಿದ್ಯೆ. ಎಂಟು ವರ್ಷದ ಹುಡುಗಿ ಅದರಲ್ಲಿ ಎಷ್ಟು ಮೊಗೆದುಕೊಂಡಾಳು? ನಾಲ್ಕಾರು ಒತ್ತಕ್ಷರ ಹೋಗಬಹುದು. ಹೋಗಲಿ, ನಾನು ಬೇಕಾದಷ್ಟು ಇಟ್ಟುಕೊಂಡಿದ್ದೇನೆ. ಪದಕದವನಲ್ಲವೇ! ರುದ್ರಾಣಮ್ಮ ಊಟಕ್ಕೆ ಮನೆಗೆ ಹೋಗುವ ಹೊತ್ತು ನೋಡಿಕೊಂಡು ಪುಟ್ಟತಾಯಿಯನ್ನು ಕರೆದು ಕೂರಿಸಿದೆ. ಡಬ್ಬಿಯನ್ನು ಕಿತ್ತು ಕಪಾಟಿನ ಮೇಲಿಟ್ಟೆ. "ಅದು ಬೇಡ ಸಾ" ಎಂದು ಅವಳು ಕೈ ಹಿಂದೆಳೆದುಕೊಂಡಳು. "ಸುಮ್ನೆ ಕೂತ್ಕೋ" ಎಂದೆ. ನಾಲ್ಕು ದಿನ ಕಾಗುಣಿತ ಬಡಿದೆ. ಅವಳು ಗೋಡೆ ನೋಡುತ್ತ ಕೂತಳು. ನನಗೆ ಏನೂ ಮರೆಯಲಿಲ್ಲ ಎಂದಾಗಲೇ, ಅವಳಿಗೆ ಏನೂ ಹೋಗಲಿಲ್ಲ ಎಂದು ಗೊತ್ತಾಗುತ್ತಿತ್ತು. ಐದನೆಯ ದಿನ ಬೆರಳು ಹಿಡಿದು ಸಾಲಿನ ಮೇಲೆ ನಡೆಸಿದೆ. ಅವಳ ಬೆರಳು ತಟ್ಟನೆ ನಿಂತಿತು. ಹುಬ್ಬಿನ ಗಂಟು ಬಿಚ್ಚಿತು. ಅಲ್ಲಿಂದ ಪುಟದ ಕೊನೆಯವರೆಗೂ ಒಂದೇ ಸಮನೆ ಓದಿಬಿಟ್ಟಳು.

"ಶಭಾಷ್!" ಎಂದು ನಾನು ಪುಟದ ಕಡೆ ತಿರುಗಿದೆ. ಪುಟದ ತುಂಬ ಇರುವೆ ಸಾಲು ನಿಂತಿತ್ತು. ಕನ್ನಡಕ ಒರೆಸಿಕೊಂಡೆ. ಇರುವೆಗಳು ಕದಲಲಿಲ್ಲ. ಗೋಡೆಯ ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆದಿದ್ದ ನುಡಿಯೊಂದಿತ್ತು. ಅದೂ ಯಾರೋ ಮಸಿಯಲ್ಲಿ ಕಾಲದ್ದಿ ನಡೆದ ಹಾಗೆ ಕಂಡಿತು. ಬೆಂಚು ಹಿಡಿದು ಕೂತೆ. ಪುಟ್ಟತಾಯಿ ಅಳುತ್ತಿದ್ದಳು. ನನಗಾಗಿ ಅಳುತ್ತಿದ್ದಾಳೆ ಎಂದುಕೊಂಡು, "ಹೋಗ್ಲಿ ಬಿಡಮ್ಮ, ಪರವಾಗಿಲ್ಲ" ಎಂದೆ. ಅವಳು ಕೆಂಡದಂಥ ಕಣ್ಣಲ್ಲಿ ನನ್ನನ್ನು ನೋಡಿದಳು. "ನಂಗೆ ಸಿಗೋದ್ರಲ್ಲಿತ್ತು ಸಾ. ಇನ್ನೊಂದ್ ನಾಕೇ ನಾಕು ಚೀಟಿ ಬಾಕಿ ಇತ್ತು. ನೀವ್ಯಾಕೆ ತುರುಕಿದ್ರಿ?" ಎಂದು ಎದ್ದು ಹೋದಳು. ಕಂಬಿಯನ್ನು ಮುಟ್ಟಲೂ ಇಲ್ಲ.

ಮೂವತ್ತು ವರ್ಷ ಅಧ್ಯಾಪಕರಾಗಿದ್ದವರು ಯಾರಾದರೂ ನನ್ನನ್ನು ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಆ ಮಗುವಿನ ಕೈಗೆ ಬರುತ್ತಿದ್ದುದನ್ನು ನಾನು ಕಸಿದುಕೊಂಡು, ಮತ್ತೆ ನಾನೇ ಅವಳಿಗೆ ದಾನ ಕೊಟ್ಟ ಹಾಗೆ ಮಾಡಿದ್ದೆ. ನಾಚಿಕೆಯಾಯಿತು. ರುದ್ರಾಣಮ್ಮನವರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. "ಅಯ್ಯೋ ದೇವೀರಪ್ಪನೋರೇ, ಓದೇ ಕೊಟ್ಬಿಟ್ರಾ! ಸಹಿ ಮಾಡಕ್ಕೆ ಬರತ್ತಾ ನೋಡಿ." ಬಂತು. ಸಹಿಯನ್ನು ಪುಟ್ಟತಾಯಿಗೆ ಹೇಳಿಕೊಟ್ಟಿರಲಿಲ್ಲವಲ್ಲ, ಕೈ ತನ್ನ ಪಾಡಿಗೆ ಗೀಚಿತು. ಹಾಜರಿ ಪುಸ್ತಕಕ್ಕಾದರೂ ನಾನು ಉಳಿದಿದ್ದೆ. ಇನ್ಸ್‌ಪೆಕ್ಟರು ಬರಲು ಇನ್ನೆಂಟು ದಿನವಿತ್ತು. "ಮೇಡಂ, ನೀವೇ ಒಂದಿಷ್ಟು ಹೇಳಿಕೊಡಿ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಂದೂವರೆ ತಿಂಗಳಲ್ಲಿ ಅಷ್ಟು ಮರ್ಯಾದೆ ನನಗೂ ಬಂದಿತ್ತು.

ಮಾರನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ ಇತ್ತು. ಪುಟ್ಟತಾಯಿ ನನಗೆ ಬೆನ್ನು ಮಾಡಿ ಕೂತು, ನನ್ನನ್ನು ಕಂಡೇ ಇಲ್ಲವೆಂಬಂತೆ ಬೋರೇಶನ ಜೊತೆ ಜಗಳವಾಡುತ್ತಿದ್ದಳು. ನಾನು ಒಂದನೆಯ ತರಗತಿಯ ಮಕ್ಕಳ ಪಕ್ಕ ಚಾಪೆಯ ಮೇಲೆ ಕೂತು ಚೀಟಿಗಳನ್ನು ಹರಡಿದೆ. ಯಾವುದು ಯಾವುದರ ಮೇಲಿನದೆಂದು ಬಣ್ಣ ನೋಡಿ, ಮೂಸಿ ಹೇಳಬಹುದಿತ್ತು. ಎರಡು ದಿನ ಸುಮ್ಮನೆ ಜೋಡಿಸಿದೆ, ಕೆಡಿಸಿದೆ. ಮೂರನೆಯ ದಿನ ಬೆಂಕಿಪೊಟ್ಟಣದ ಚೀಟಿ ಬೆಲ್ಲದ ರಟ್ಟಿನ ಪಕ್ಕ ಬಂತು. ಎರಡರ ಮೊದಲ ಗುರುತೂ ಒಂದೇ. ಬೆಂಕಿ, ಬೆಲ್ಲ. ಬೆಂಕಿ, ಬೆಲ್ಲ. "ಬೆ!" ಎಂದು ಕಿರುಚಿದೆ. ಚಾಪೆಯ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕವು. ನನ್ನ ಮೈಯಲ್ಲಿ ಪದಕ ಬಂದ ದಿನವೂ ಅಂಥ ಸಂತೋಷ ಹರಿದಿರಲಿಲ್ಲ. ಎದ್ದು ಹೊಂಗೆಮರದ ಹತ್ತಿರ ಓಡಿದೆ. ಸುತ್ತಿಗೆ ಇರಲಿಲ್ಲ. ಅದನ್ನು ಬೀಗ ಹಾಕಿಟ್ಟವನು ನಾನೇ ಎಂದು ನೆನಪಾಗಿ, ಎಲ್ಲರೂ ನೋಡುತ್ತಿರುವಾಗ ಡ್ರಾಯರು ತೆಗೆಯುವ ಧೈರ್ಯವಾಗದೆ, ಬೆರಳಿನಲ್ಲಿ ಕಂಬಿ ಮುಟ್ಟಿ ಬಂದೆ.

ತಪಾಸಣೆಯ ದಿನದ ಹೊತ್ತಿಗೆ ನನಗೆ ಸಿಕ್ಕಿದ್ದು ನಾಲ್ಕೇ ಅಕ್ಷರ. ಇನ್ಸ್‌ಪೆಕ್ಟರು ಗಂಗಾಧರಮೂರ್ತಿಗಳು ಜೀಪಿನಿಂದ ಇಳಿದರು. ದಪ್ಪ ಮೀಸೆ, ತೆಳ್ಳನೆಯ ದನಿ. ಮಾಲೆ, ಎಳನೀರು ಎಲ್ಲ ಆದಮೇಲೆ, "ಎಲ್ಲಿ, ಮೇಷ್ಟ್ರು ಮೂರನೇ ಕ್ಲಾಸಿಗೆ ಒಂದು ಮಾದರಿ ಪಾಠ ಮಾಡಲಿ" ಎಂದು ಪುಸ್ತಕದ ನಡುವಿನ ಒಂದು ಪುಟ ತೆರೆದು ನನ್ನ ಕೈಗಿತ್ತರು. ಚಿತ್ರದಲ್ಲಿ ಒಂದು ಬಾವಿ ಇತ್ತು, ಪಕ್ಕದಲ್ಲಿ ಒಬ್ಬ ಮನುಷ್ಯ. ನಾನು ಕೈ ಬೀಸಿ ಬಾವಿಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದೆ. ಅಂತರ್ಜಲ, ರಾಟೆ, ಹಗ್ಗ, ಕೊಡ, ಬಾವಿಗೆ ಬಿದ್ದ ಕಪ್ಪೆ ಯಾವುದನ್ನೂ ಬಿಡಲಿಲ್ಲ. "ಯಾವ ಪಾಠ ಇದು?" ಎಂದರು. "ಬಾವಿ ಸಾರ್." ಅವರು ಪುಸ್ತಕ ಇಸಿದುಕೊಂಡು ನೋಡಿದರು. "ಇಲ್ಲಿ 'ನಮ್ಮೂರಿನ ಅಂಚೆಯಣ್ಣ' ಅಂತಿದೆಯಲ್ಲ ಮಾರಾಯರೇ?" "ಅಂಚೆಯಣ್ಣ ಬಾವಿ ಹತ್ತಿರ ನಿಂತಿದ್ದಾನೆ ಸಾರ್, ಅದಕ್ಕೇ ಬಾವಿಯಿಂದ ಶುರು ಮಾಡಿದೆ." ಅವರು ಮೀಸೆ ಎಳೆದುಕೊಂಡು, ಪುಸ್ತಕವನ್ನು ವಾಪಸು ಕೊಟ್ಟು, "ಮೊದಲನೇ ಸಾಲು ಓದಿ" ಎಂದರು.

ಸಾಲಿನಲ್ಲಿ ಎಲ್ಲಾದರೂ ಒಂದು 'ಬೆ' ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇನ್ಸ್‌ಪೆಕ್ಟರ ಪೆನ್ನಿನ ಮುಚ್ಚಳ ಬಿಚ್ಚಿದ ಸದ್ದಾಯಿತು. ಟ್ರಂಕು, ಚೊಂಬು, ಬಸ್ ಸ್ಟ್ಯಾಂಡು ಎಲ್ಲ ಕಣ್ಣ ಮುಂದೆ ಬಂದವು. ಆಗ ಪುಟ್ಟತಾಯಿ ಎದ್ದು ನಿಂತಳು. "ಸಾ," ಎಂದಳು ಇನ್ಸ್‌ಪೆಕ್ಟರಿಗೆ, "ನೀವು ಮಾಡ್ತಿರೋದು ಏನು? ಅದನ್ನ ಹೆಂಗ್ ಮಾಡ್ತಾರೆ? ನಮಗೆ ಹೇಳಿಕೊಡಿ."

ಇಪ್ಪತ್ತೊಂದು ಮಕ್ಕಳೂ ಹೌಹಾರಿದವು. ಒಬ್ಬಳು ಕಿವಿ ಮುಚ್ಚಿಕೊಂಡಳು. ರುದ್ರಾಣಮ್ಮ ಜಂತೆಯ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾನು ಬಾಯಿ ಬಿಡಬೇಕಿತ್ತು, ಎಚ್ಚರಿಸಬೇಕಿತ್ತು. ಬಿಡಲಿಲ್ಲ. ನನ್ನ ಹೊಟ್ಟೆಪಾಡು ನೋಡಿ, ಬೈಯಬೇಡಿ. ಗಂಗಾಧರಮೂರ್ತಿಗಳ ಮುಖ ಅರಳಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾವ ಮಗುವೂ ಅವರನ್ನು ಹೀಗೆ ಕೇಳಿರಲಿಲ್ಲವಂತೆ. "ಭೇಷ್! ಬಾ ಮಗು, ಹೇಳ್ತೀನಿ" ಎಂದು ಮೇಜಿಗೆ ಒರಗಿ ನಿಂತರು. "ಮೊದಲು ಸೂರು ನೋಡಬೇಕು. ಆಮೇಲೆ ಹಾಜರಿ. ಆಮೇಲೆ ಮೇಜಿನ ಡ್ರಾಯರು. ಎಲ್ಲಾ ಮುಚ್ಚಿಟ್ಟಿರೋದು ಅಲ್ಲೇ. ಕೊನೆಗೆ ಷರಾ. ಷರಾದಲ್ಲಿ ಮೊದಲು ಒಂದು ದೋಷ ಬರೀಬೇಕು, ದೋಷ ಇಲ್ದಿದ್ರೆ ಮೇಲಿನವರು ನಂಬಲ್ಲ. ಆಮೇಲೆ ಒಂದು ಗುಣ. ಆಮೇಲೆ ಒಂದು ಸಲಹೆ. ಕೊನೆಗೆ ತೀರ್ಮಾನ, ಎರಡೇ ಮಾತಲ್ಲಿ." ಆ ಮನುಷ್ಯ ಚೆನ್ನಾಗಿ ಹೇಳಿಕೊಡುತ್ತಿದ್ದರು ಎಂದು ಹೊಟ್ಟೆಕಿಚ್ಚಿನಿಂದಲೇ ಒಪ್ಪುತ್ತೇನೆ. ಹೇಳಿದ್ದು ಹೇಳಿದ ಹಾಗೆ ಹೋಗುತ್ತಿತ್ತು. ಮಕ್ಕಳ ಕಣ್ಣಲ್ಲಿ ಒಂದೊಂದೇ ದೀಪ ಹತ್ತುತ್ತಿದ್ದಂತೆ ಅವರ ದನಿ ಮೆತ್ತಗಾಗುತ್ತಿತ್ತು.

ಮುಗಿದ ಮೇಲೆ ಅವರು ಕೈಯಲ್ಲಿದ್ದ ತಪಾಸಣೆ ಪುಸ್ತಕವನ್ನು ತಿರುಗಿಸಿ ನೋಡಿದರು. "ಇದೇನಮ್ಮ ಇದು?" ಎಂದು ರುದ್ರಾಣಮ್ಮನವರನ್ನು ಕೇಳಿದರು. "ನಾನು ಏನಕ್ಕೋ ಬಂದಿದ್ದೆ, ನೋಡಿ, ಮರ್ತೇಹೋಯ್ತು." ರುದ್ರಾಣಮ್ಮ, "ಬಿಸಿಲು ಸಾರ್. ಜಗಲಿ ಮೇಲೆ ಕೂತ್ಕೊಳ್ಳಿ, ಹುರಿದ ಕಡ್ಲೇಕಾಯಿ ಇದೆ" ಎಂದು, ಪುಸ್ತಕ ಪೆನ್ನು ಎರಡನ್ನೂ ಮೇಜಿನ ಮೇಲೆ ಇಡಿಸಿ, ಕರೆದೊಯ್ದರು. ಅವರು ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಡಲೆಕಾಯಿ ಸುಲಿಯುತ್ತ, ಹೊಂಗೆಮರ ನೋಡುತ್ತ, ಎಷ್ಟೋ ವರ್ಷದ ಮೇಲೆ ರಜ ಸಿಕ್ಕಿದವರ ಹಾಗಿದ್ದರು.

ಒಳಗೆ ತಪಾಸಣೆ ಶುರುವಾಯಿತು. ಅಂಥ ತಪಾಸಣೆಯನ್ನು ಯಾವ ಶಾಲೆಯೂ ಕಂಡಿರಲಾರದು. ಇಪ್ಪತ್ತೆರಡು ಇನ್ಸ್‌ಪೆಕ್ಟರುಗಳು! ಒಡೆದ ಹೆಂಚು ಎಣಿಸಿದರು. ನೀರಿನ ಹಂಡೆಯಲ್ಲಿ ತಲೆ ಹಾಕಿದರು. ರುದ್ರಾಣಮ್ಮನವರ ಉಗುರು ನೋಡಿ ಪಾಸು ಮಾಡಿದರು. ಬೋರೇಶ ನನ್ನ ಮುಂದೆ ಬಂದು, ಕೈ ಹಿಂದೆ ಕಟ್ಟಿ, "ಡ್ರಾಯರು ತೆಗೀರಿ ಸಾ" ಎಂದ. ತೆಗೆದೆ. ಸುತ್ತಿಗೆ ಅಲ್ಲಿ ಮಲಗಿತ್ತು. ಎಲ್ಲರೂ ಸುತ್ತ ನೆರೆದು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಯಾರೂ ಬೈಯಲಿಲ್ಲ. ಬೋರೇಶ ಅದನ್ನು ತೆಗೆದುಕೊಂಡು ಹೋಗಿ ಮರಕ್ಕೆ ತೂಗುಹಾಕಿ ಬಂದ, ಉಳಿದವರು ಪುಸ್ತಕದಲ್ಲಿ ಏನೋ ಬರೆದರು. ಕೊನೆಯ ಕಾಲಂ ಬಂತು. ಪೆನ್ನು ಕೈಯಿಂದ ಕೈಗೆ ದಾಟಿ ಪುಟ್ಟತಾಯಿಯ ಹತ್ತಿರ ನಿಂತಿತು. ಅವಳು ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದಳು. ನಾಲಿಗೆಯನ್ನು ತುಟಿಯಂಚಿಗೆ ಸಿಕ್ಕಿಸಿಕೊಂಡು ನಿಧಾನವಾಗಿ ಬರೆದಳು. ಇನ್ಸ್‌ಪೆಕ್ಟರು ಜಗಲಿಯ ಮೇಲೆಯೇ ಸಹಿ ಹಾಕಿ, ಎಲ್ಲರಿಗೂ ಟಾಟಾ ಮಾಡಿ ಹೊರಟುಹೋದರು.

ರುದ್ರಾಣಮ್ಮ ಷರಾ ಓದಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. "ಏನು ಬರೆದಿದ್ದಾಳೆ ಮೇಡಂ? ನನ್ನನ್ನ ಉಳಿಸಿದಾಳಾ, ಕಳಿಸಿದಾಳಾ?" ಎಂದು ಬೇಡಿಕೊಂಡೆ. "ಓದಿ ಹೇಳಿದ್ರೆ ನನ್ದೇನೂ ಹೋಗಲ್ಲ ಮೇಷ್ಟ್ರೇ. ಆದ್ರೂ ಹೇಳಲ್ಲ" ಎಂದರು. "ಈ ಪುಸ್ತಕ ವರ್ಷದ ಕೊನೇಗೆ ಮೇಲಿನ ಕಚೇರಿಗೆ ಹೋಗತ್ತೆ. ಅಲ್ಲೀತನಕ ಕಪಾಟಲ್ಲಿರತ್ತೆ. ನೀವೇ ಓದ್ಕೊಳ್ಳಿ." ನಾನು ಸುಮ್ಮನಿರುವವನೇ? ಒಂದು ಸಂಜೆ ಪುಸ್ತಕವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ವೆಂಕೋಬಯ್ಯನ ಹೋಟೆಲಿಗೆ ಹೋದೆ. ಅವನು ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಓದು ಅಲ್ವಾ ಸ್ವಾಮಿ? ಅದನ್ನ ತಮ್ಮನ ಮಗನಿಗೆ ಕೊಟ್ಟು ಹನ್ನೆರಡು ವರ್ಷ ಆಯ್ತು. ಉಪ್ಪಿಟ್ಟು ಕೊಡ್ಲಾ?" ಎಂದ.

ಹಾಗಾಗಿ ಚಾಪೆಯೇ ಗತಿಯಾಯಿತು. ಏಳು ತಿಂಗಳು ಒಂದನೆಯ ತರಗತಿಯ ಮಕ್ಕಳ ಜೊತೆ ಕೂತೆ. ನನ್ನ ಎಡಕ್ಕೆ ಕೂರುತ್ತಿದ್ದ ಆರು ವರ್ಷದವನು ನನಗಿಂತ ಚುರುಕು. ಅವನು ನನ್ನ ಚೀಟಿ ಇಣುಕಿದರೆ ಕೈ ಅಡ್ಡ ಹಿಡಿಯುತ್ತಿದ್ದೆ. ಪಾಠ ಹೇಳುವುದು ನಿಂತುಹೋಯಿತು. ಹೇಳಲು ನನ್ನ ಹತ್ತಿರ ಏನು ಮಣ್ಣಿತ್ತು? ಬೇರೆ ಕೆಲಸ ಸಿಕ್ಕಿತು. ಒಂದು ಮಗು ಎಲ್ಲಿ ಎಡವುತ್ತಿದೆ ಎಂದು ಪಕ್ಕದಲ್ಲೇ ಎಡವುತ್ತ ಕೂತವನಿಗೆ ಕಾಣುತ್ತದೆ. ಕೂಡುವುದಕ್ಕೆ ತಿಣುಕುವವಳ ದಾರಿಯಲ್ಲಿ ನಾಲ್ಕು ಹೊಂಗೆಬೀಜ ಚೆಲ್ಲಿ ಬರುತ್ತಿದ್ದೆ. ಅಳತೆ ಬಾರದವನ ಹತ್ತಿರ ದಾರದ ಉಂಡೆ ಮರೆತುಬಿಟ್ಟು ಬರುತ್ತಿದ್ದೆ. ಆಮೇಲೆ ಬೆನ್ನು ತಿರುಗಿಸಿ, ದರ್ಜಿಯ ಹಾಗೆ, ಕಿವಿ ಮಾತ್ರ ಹಿಂದಕ್ಕಿಟ್ಟು ಕಾಯುತ್ತಿದ್ದೆ. ಹೊರಗೆ ಢಣ್ ಎಂದಾಗ ನನ್ನ ಕಣ್ಣು ತುಂಬಿಬರುತ್ತಿತ್ತು. ವಯಸ್ಸಾಯಿತೇನೋ. ಇನ್ಸ್‌ಪೆಕ್ಟರೂ ತಮ್ಮ ಕಸುಬನ್ನು ಮತ್ತೆ ಹುಡುಕಿಕೊಳ್ಳುತ್ತಿದ್ದಾರೆ ಎಂದು ಸುದ್ದಿ ಬಂತು. ಶಾಲೆಗೆ ಹೋದರೆ ಈಗ ಮಕ್ಕಳ ಪಕ್ಕ ಕೂತು, "ನಾನು ಏನು ನೋಡ್ಬೇಕು?" ಎಂದು ಕೇಳುತ್ತಾರಂತೆ.

ಪ್ರತಿದಿನ ಶಾಲೆ ಬಿಟ್ಟಮೇಲೆ ಕಪಾಟಿನಿಂದ ಆ ಪುಸ್ತಕ ತೆಗೆದು ಷರಾದ ಮುಂದೆ ಕೂರುತ್ತಿದ್ದೆ. ಮೊದಲ ಪದವೇ ಗಂಟಲಿಗೆ ಸಿಕ್ಕಿಕೊಂಡಿತು. ಒಂದರ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು ಅಕ್ಷರ ಜೋತುಬಿದ್ದಿದ್ದ ಆ ಪದಕ್ಕೆ ಹತ್ತೊಂಬತ್ತು ವಾರ ಹಿಡಿಯಿತು. 'ಮೇಷ್ಟ್ರಿಗೆ'. ನನ್ನ ಕಸುಬಿನ ಹೆಸರೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಅಲ್ಲಿಂದ ಮುಂದೆ ಒಂದೊಂದು ಪದಕ್ಕೆ ಒಂದೊಂದು ವಾರ. ಪುಟ್ಟತಾಯಿ ಕೆಲವು ಸಲ ಕಿಟಕಿಯ ಹೊರಗೆ ಕುಂಟೆಬಿಲ್ಲೆ ಆಡುತ್ತ, ನನ್ನನ್ನು ನೋಡದ ಹಾಗೆ ನೋಡುತ್ತಿದ್ದಳು. ಮಾರನೆಯ ದಿನ ಡಬ್ಬಿಯಲ್ಲಿ ಒಂದು ಹೊಸ ಚೀಟಿ ಇರುತ್ತಿತ್ತು, ಸರಿಯಾಗಿ ನನಗೆ ಬೇಕಾದದ್ದೇ.

ನಾಳೆ ಪುಸ್ತಕ ಕಚೇರಿಗೆ ಹೋಗಬೇಕು ಎನ್ನುವ ದಿನ ಕೊನೆಯ ಎರಡು ಪದ ಬಾಕಿ ಇತ್ತು. ರುದ್ರಾಣಮ್ಮ ಅದನ್ನು ಕಟ್ಟಲು ದಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಬೆರಳಿಟ್ಟು ಮೊದಲಿನಿಂದ ಬಂದೆ. "ಮೇಷ್ಟ್ರಿಗೆ ಅವಸರ ಜಾಸ್ತಿ." ದೋಷ. "ತಮ್ಮ ಪಾಡಿಗೆ ಬಿಟ್ಟರೆ ಕಲಿಯುತ್ತಾರೆ." ಗುಣ. "ಯಾರೂ ಹೇಳಿಕೊಡಬಾರದು." ಸಲಹೆ. ತೀರ್ಮಾನದ ಮೇಲೆ ಬೆರಳು ನಿಂತಿತು. ಇನ್ಸ್‌ಪೆಕ್ಟರು ಹೇಳಿಕೊಟ್ಟಂತೆ ಎರಡೇ ಮಾತು. ಮೊದಲಿನದರಲ್ಲಿ ಬೆಲ್ಲದ ರಟ್ಟಿನ ಎರಡನೆಯ ಗುರುತಿನ ನೆಂಟನೊಬ್ಬನಿದ್ದ. ಎರಡರ ಮೊದಲ ಅಕ್ಷರವೂ ಒಂದೇ, ಅದು ಬಸ್ ಟಿಕೆಟ್ಟಿನಲ್ಲಿತ್ತು. ತಲೆ ಓರೆ ಮಾಡಿ ನೋಡಿದೆ. ಬಹಳ ಹೊತ್ತು ನೋಡಿದೆ. ಆಮೇಲೆ ಅವು ತಾವಾಗಿಯೇ ಬಾಯಿ ಬಿಟ್ಟವು.

"ಇಲ್ಲೇ ಇರಲಿ."

ನಾನು ಎದ್ದು ಹೊಂಗೆಮರದ ಹತ್ತಿರ ಹೋದೆ. ಸುತ್ತಿಗೆ ಎತ್ತಿಕೊಂಡೆ. ಒಂದೇ ಸಲ ಬಾರಿಸುವುದು ಅಲ್ಲಿನ ರೂಢಿ ಎಂದು ಗೊತ್ತಿದ್ದೂ ಮೂರು ಸಲ ಬಾರಿಸಿಬಿಟ್ಟೆ. ಕುಂಟೆಬಿಲ್ಲೆ ಆಡುತ್ತಿದ್ದ ಪುಟ್ಟತಾಯಿ ಒಂಟಿಕಾಲಿನಲ್ಲಿ ನಿಂತು ತಿರುಗಿ ನೋಡಿದಳು. "ಒಂದ್ಸಲ ಸಾಕು ಸಾ," ಎಂದಳು, "ಅವಸರ ಯಾಕೆ?"